ಅಡಗಿದ್ದೆಲ್ಲ ಬಾ

ಅಂಕಾತ್ಸು ಗುಡ್ಡದ ಕಲ್ಲು ಮೆಟ್ಟಿಲ ಬುಡದಲ್ಲಿ ನನ್ನ ಅಂಗಡಿ.
ಪ್ರಿಂಟು, ಜೆರಾಕ್ಸು, ಸ್ಪೈರಲ್ ಬೈಂಡು,
ಪುಟಕ್ಕೆ ಇನ್ನೂರು ಅರಿಯಾರಿ.
ಕರೆಂಟು ಹೋದರೆ ಕಾಯುವುದಕ್ಕೆ ದುಡ್ಡಿಲ್ಲ.

ಆ ಬೆಳಿಗ್ಗೆ ಬಂದವರು ರಜಫಿಮಹಲೇವು,
ಹೆಸರಿಗೇ ಒಂದು ಸಾಲು ಬೇಕಾಗುವ ಮನುಷ್ಯ.
ಹೆಗಲಿಗೆ ಬಿಳಿ ಲಾಂಬಾ, ತಲೆಗೆ ಹುಲ್ಲಿನ ಟೋಪಿ,
ಕೊರಳ ದಾರದಲ್ಲಿ ತಾಯಿತದ ಹಾಗೆ ಪೆನ್‌ಡ್ರೈವು.
ಹೆಣ್ಣು ಕೇಳಲು, ಸಾವಿನ ಮನೆಯಲ್ಲಿ ಸಂತೈಸಲು
ಯಾರದೋ ಪರವಾಗಿ ಮಾತಾಡುವುದು ಅವರ ಕಸುಬು.
ಕಬಾರಿ ಅನ್ನುತ್ತೇವೆ ಆ ಮಾತಿಗೆ.
ಶುರುವಾಗುವುದೇ ಕ್ಷಮೆಯಿಂದ:
'ಹಿರಿಯನಲ್ಲ ನಾನು, ಹಿರಿಯರೆದುರು ನಿಂತಿದ್ದೇನೆ,
ನನ್ನ ನೆರಳು ನಿಮ್ಮ ಕಾಲಿಗೆ ತಾಕಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ…'
ಹೀಗೇ ಇಪ್ಪತ್ತು ನಿಮಿಷ. ಆಮೇಲೆ ವಿಷಯ.

'ಹನ್ನೊಂದಕ್ಕೆ ಹೆಣ್ಣು ಕೇಳಬೇಕು, ಬೇಗ' ಅಂದರು.
ಚುಚ್ಚಿದೆ.
ಹೆಸರುಗಳಿದ್ದವು, ಒಡಲಿರಲಿಲ್ಲ.
ಪ್ರತಿ ಹೆಸರಿನ ಮೂಲೆಯಲ್ಲೂ ಪುಟ್ಟದೊಂದು ಬಾಗಿದ ಬಾಣ.
ಒತ್ತಿದರೆ ಒಳಗೇನೂ ಇಲ್ಲ,
ಒತ್ತಿದ ಬೆರಳನ್ನೇ ಹಿಡಿದು
ಪಕ್ಕದ ಮನೆಗೆ ದಾಟುವ ಜಾತಿ.

'ಮೂವತ್ತು ವರ್ಷದ ಮಾತು' ಅಂದರು.
ಅಷ್ಟೇ ಅಂದು ಸ್ಟೂಲಿನ ಮೇಲೆ ಕೂತರು.

'ಕೊನೆಯ ಸಲ ಎಲ್ಲಿ ಹಾಕಿದ್ದಿರಿ ಇದನ್ನ?'
'ಇಲ್ಲೇ. ಹೋದ ಮಂಗಳವಾರ. ಕಿಟಕಿ ಹತ್ತಿರದ್ದಕ್ಕೆ.'
ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಗೊತ್ತಿತ್ತು ನನಗೆ.
ಹುಡುಗ ತಾಹಿರಿ ಎರಡು ಸಲ ಹೇಳಿದ್ದ.
ಪ್ರಬಂಧ ಒಪ್ಪಿಸುವ ತಿಂಗಳು, ಸಾಲು ಮೆಟ್ಟಿಲ ನೆತ್ತಿಯವರೆಗೆ,
ಒಂದು ದಿನ ಮುಚ್ಚಿದರೆ ಎದುರಿನವನಿಗೆ ಹಬ್ಬ.
ನಾಳೆ ಅಂದೆ. ನಾಳೆಗೆ ಮೂರು ವಾರವಾಯಿತು.
ದಿನಕ್ಕೆ ಅರವತ್ತು ಡ್ರೈವು:
ಕಪ್ಪೆಗಳ ಮೇಲೆ ಪ್ರಬಂಧ ಬರೆದವಳು,
ಚರ್ಚಿನ ಗಾಯನದವರು,
ಬಸುರಿಯರ ಪಟ್ಟಿ ಹಿಡಿದ ಸೂಲಗಿತ್ತಿ.
ಬೇಲಿ ಹೊಲ ಮೇಯುತ್ತಿತ್ತು,
ಮೇಯುತ್ತಿದ್ದೇನೆಂದು ಬೇಲಿಗೆ ತಿಳಿದೂ ಇತ್ತು.

ಒಳಗಿನ ಹಳೆ ಲ್ಯಾಪ್‌ಟಾಪು ತಂದೆ.
ಅದನ್ನು ಮಾತ್ರ ಶುದ್ಧ ಇಟ್ಟುಕೊಂಡಿದ್ದೆ, ನನ್ನ ಲೆಕ್ಕ ಅದರಲ್ಲಿದೆ.
ಬಾಣಗಳನ್ನು ಗುಡಿಸಿ ಹಾಕಿದೆ,
ಅವುಗಳ ತಾಯಿಯನ್ನೂ ಹುಡುಕಿ ಅಳಿಸಿದೆ.
ಕಪ್ಪು ಕಿಟಕಿ ತೆರೆದು ಒಂದೇ ಸಾಲು ಟೈಪಿಸಿದೆ.
ಅದರ ಅರ್ಥ ಇಷ್ಟೆ: ಅಡಗಿದ್ದೆಲ್ಲ ಬಾ.

ವೈರಸ್ಸು ಏನನ್ನೂ ಅಳಿಸಿರಲಿಲ್ಲ,
ಇದ್ದಲ್ಲೇ ಇರಿಸಿ ಇಲ್ಲವೆನ್ನಿಸಿತ್ತು.
ಬಂದವು: ಮದುವೆಗಳು, ಸಾವುಗಳು,
ಹಿರಿಯರ ಮೂಳೆಗೆ ಹೊಸ ಬಟ್ಟೆ ಸುತ್ತುವ ದಿನದ್ದು,
ಶಾಲೆಯ ಬಾವಿಗೆ ಪಂಪು ಕೂರಿಸಿದಾಗಿನದ್ದು.
ಕೊನೆಗೆ, ಯಾರೂ ಕರೆಯದೆ, ಇನ್ನೊಂದು.
'ತಮ್ಮ ಸುಲುಫುಗೆ.'

'ಅದು ವೈರಸ್ಸು ಅಡಗಿಸಿದ್ದಲ್ಲ' ಅಂದರು ಮೆಲ್ಲಗೆ.

ತೆರೆಯಲಿಲ್ಲ ನಾನು. ಹೊರಗಿನಿಂದ ಕಂಡಷ್ಟು ಕಂಡೆ:
ಹದಿನಾಲ್ಕು ಕರಡು. ಮೊದಲನೆಯದಕ್ಕೆ ಹನ್ನೊಂದು ವರ್ಷ.
ಬರುಬರುತ್ತ ಸಣ್ಣವು.
ಹೋದ ಭಾನುವಾರದ್ದರ ತೂಕ ಸೊನ್ನೆ.

ನನ್ನ ಆ ಸಾಲಿಗೆ ಭೇದ ತಿಳಿಯದು,
ಹುಳ ಮುಚ್ಚಿಟ್ಟದ್ದು ಯಾವುದು, ಮನುಷ್ಯ ಮುಚ್ಚಿಟ್ಟದ್ದು ಯಾವುದು.

'ಮತ್ತೆ ಅಡಗಿಸಲಾ?'
ಹೊರಗೆ ಬಸ್ಸಿನ ಹುಡುಗ ಊರ ಹೆಸರು ಕೂಗುತ್ತಿದ್ದ.
ಊರೂರ ಪರವಾಗಿ ಕ್ಷಮೆ ಕೇಳಿ ಉಂಡ ಬಾಯಿ
ಒಂದು ಸಲ ತೆರೆದು ಮುಚ್ಚಿಕೊಂಡಿತು.
ತಡೆಯಲಾಗಲಿಲ್ಲ ನನಗೆ:
'ನನ್ನ ಯಂತ್ರದಿಂದಲೇ ಬಂದದ್ದು. ಮೂರು ವಾರದಿಂದ ಗೊತ್ತಿತ್ತು.'

'ಪೀಠಿಕೆಯೇ ಇಲ್ಲವಲ್ಲ ಹೈಂಗು' ಅಂದರು.
ಬೈದರೋ, ಕಲಿತರೋ ತಿಳಿಯಲಿಲ್ಲ.

ಏಳು ಪುಟ ಪ್ರಿಂಟಾಯಿತು. ದುಡ್ಡು ಬೇಡವೆಂದೆ.
ಸಾವಿರದ ನಾನೂರು ಎಣಿಸಿ ಗಾಜಿನ ಮೇಲಿಟ್ಟು ಹೊರಟರು.
ಅಡಗಿಸು ಅನ್ನಲಿಲ್ಲ.
ಹದಿನಾಲ್ಕೂ ಬಯಲಲ್ಲಿ, ಎದೆಯ ಮೇಲೆ ತೂಗುತ್ತ
ಮೆಟ್ಟಿಲು ಹತ್ತಿದವು.

ಕಿಟಕಿ ಹತ್ತಿರದ ಯಂತ್ರದ ವಯರು ಕಿತ್ತೆ.
ತಾಹಿರಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ:
'ಮೂರು ವಾರದಿಂದ ಇಲ್ಲಿ ಡ್ರೈವು ಹಾಕಿದವರು ವಾಪಸು ತನ್ನಿ.
ತಪ್ಪು ನಮ್ಮದು. ತೊಳೆದು ಕೊಡುತ್ತೇವೆ.'
ಬಾಗಿಲಿಗೆ ಅಂಟಿಸಿ ಕಾದೆವು.

ಹತ್ತು ನಿಮಿಷಕ್ಕೆ ಮೊದಲ ಬೈಗುಳ ಬಂತು,
ಅದರ ಕೈಯಲ್ಲಿ ಮೂರು ಡ್ರೈವು.