ಸ್ಯಾಂಪಲ್

ಸಡಾ ಗುಡ್ಡದ ಬುಡದಲ್ಲಿ, ಮುರಗಾಂವ್ ಬಂದರಿಗೆ ಬೆನ್ನು ಹಾಕಿ ಕೂತ
ಮೂರನೇ ನಂಬರಿನ ಗೋದಾಮು.
ಜುಲೈ ತಿಂಗಳ ಸೆಕೆ. ತಗಡಿನ ಕೆಳಗೆ
ಒಂದರ ಮೇಲೊಂದು ಬೆವರುತ್ತಿವೆ ಚೀಲಗಳು,
ಬಿಸ್ಸಾವಿನಿಂದ ಹೊರಟು ನಲವತ್ತು ದಿನ
ಉಪ್ಪುಗಾಳಿ ಕುಡಿದ ಗೇರುಬೀಜ.

ನನ್ನ ಕೆಲಸ ಸಣ್ಣದು.
ಹತ್ತು ಚೀಲಕ್ಕೊಂದರ ಬಾಯಿ ಬಿಚ್ಚಿ
ಬೊಗಸೆ ಬೊಗಸೆ ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ
ಎರಡು ಬಿಟ್ಟು, ಎರಡನ್ನು ಮತ್ತೆ ಬೆರೆಸಿ
ಕೊನೆಗೆ ಒಂದು ಕಿಲೋ ಉಳಿಸಿಕೊಳ್ಳುವುದು.
ಇಡೀ ಹಡಗಿನ ಪರವಾಗಿ ಆ ಒಂದು ಕಿಲೋ ಮಾತಾಡಬೇಕು.
ಅಗುಳು ಹಿಚುಕಿ ಅನ್ನ ನೋಡಿದ ಹಾಗೆ, ಅನ್ನುತ್ತಾರೆ ಕೇಣಿಯವರು.
ಅಷ್ಟು ಸಲೀಸಲ್ಲ.
ಅನ್ನಕ್ಕೆ ಒಂದು ಒಲೆ, ಒಬ್ಬಳು ಅಡಿಗೆಯವಳು.
ಈ ರಾಶಿಗೆ ಎಷ್ಟು ಅಂಗಳಗಳೋ.

ಫಕೀರವ್ವ ಕೈಗೆ ಹರಳೆಣ್ಣೆ ಸವರಿಕೊಂಡು
ಕಟ್ಟರಿನ ಮುಂದೆ ಕೂರುತ್ತಾಳೆ.
ಸಿಪ್ಪೆಯ ಎಣ್ಣೆ ತಿಂದ ಬೆರಳು, ಗೆರೆಗಳೇ ಉಳಿದಿಲ್ಲ;
ಆಧಾರ್ ಯಂತ್ರ ಅವಳನ್ನು ಇನ್ನೂ ನಂಬಿಲ್ಲ.
ಕಟಕ್. ಒಳ್ಳೇದು. ಕಟಕ್. ಒಳ್ಳೇದು.
ಕಟಕ್. ಚುಕ್ಕಿ. ಕಟಕ್. ಪೊಳ್ಳು.
ಇನ್ನೂರ ಮೂರು ಬೀಜ,
ಹನ್ನೊಂದು ಗ್ರಾಂ ಕೆಂಪು ಕಲ್ಲು.
ಕಲ್ಲನ್ನು ಬಾಗಿಲಾಚೆ ಎಸೆದಳು.
ಅಲ್ಲಿ ಬಿದ್ದಿದ್ದೂ ಅಂಥದೇ ಮುರಕಲ್ಲು,
ಯಾವುದು ಹೊರಗಿನದೆಂದು ಆಮೇಲೆ ಹುಡುಕಿದರೂ ಸಿಗಲಿಲ್ಲ ನನಗೆ.

ಪೋರ್ತುಗೀಸ್ ಕಾಗದಗಳನ್ನು ಓದಿ ಹೇಳುವವರು
ಏಜೆಂಟರ ಆಫೀಸಿನ ಎರ್ಮೆಲಿಂದಾ ಬಾಯಿ.
ಎಪ್ಪತ್ತೆಂಟು ವರ್ಷ, ದಪ್ಪ ಕನ್ನಡಕ.
ಮರ ಅವರದ್ದೂ ಅಲ್ಲ, ನಮ್ಮದೂ ಅಲ್ಲ, ಬ್ರೆಝಿಲ್ಲಿನದು, ಅಂದರು.
ಇಲ್ಲಿ ಊರಿದವರೇ ಅಲ್ಲೂ ಊರಿದರು.
ನಾವು ಫೆಣಿ ಇಳಿಸಿದೆವು, ಬೇರೆ ಬದುಕೂ ನೋಡಿಕೊಂಡೆವು.
ಅಲ್ಲಿ ಹೆಚ್ಚುಕಮ್ಮಿ ಹೊರಗೆ ಹೋಗುವುದೇ ಇದೊಂದು,
ಬರುವುದು ನಮ್ಮಂಥ ದೂರದ ಊರಿಗೆ, ಸಿಪ್ಪೆಯ ಸಮೇತ.
ಎಮ್ಮೆ ಕಟ್ಟಿದ ಹಾಗೆ ದೇಶವನ್ನೇ
ಒಂದು ಮರಕ್ಕೆ ಕಟ್ಟಿದ್ದಾರೆ ಮಗಾ,
ಅಂದು ಕನ್ನಡಕ ಒರೆಸಿಕೊಂಡು ಚಹಾ ಕೇಳಿದರು.

ಒಂದು ಚೀಲಕ್ಕೆ ತೇಪೆ ಇತ್ತು.
ಅಕ್ಕಿಚೀಲದ ಬಿಳಿ ತುಂಡು, ನೀಲಿ ದಾರದ ಹೊಲಿಗೆ,
ಅದರ ಮೇಲೆ ಅರ್ಧ ಅಳಿಸಿದ ತೆಲುಗು.
ಫಕೀರವ್ವನಿಗೆ ಓದು ಬಾರದು, ಅಕ್ಷರದ ದುಂಡು ಗೊತ್ತು.
"ಸಾಹೇಬ್ರ, ಇದು ನಮ್ಮ ಕಡೀದ್ರಿ.
ತವರಿಗೆ ಬಂದೈತಿ ನೋಡ್ರಿ, ಮೈತುಂಬ ತ್ಯಾಪಿ ಹಚ್ಚಿಕೊಂಡು."

ಗೇರಿನ ದಿನಗಳಲ್ಲಿ ಅಲ್ಲಿ ಬೀಜಕ್ಕೆ ಅಕ್ಕಿ ಅಳೆಯುತ್ತಾರಂತೆ.
ಒಳ್ಳೆಯ ವರ್ಷ ಸಮಕ್ಕೆ ಸಮ,
ಬೆಲೆ ಬಿದ್ದ ವರ್ಷ ಮೂರು ಕಿಲೋ ಬೀಜಕ್ಕೆ ಒಂದು ಕಿಲೋ ಅಕ್ಕಿ.
ಯಾರೋ ಹೆಂಗಸು ಆ ಅಕ್ಕಿ ಸುರುವಿಕೊಂಡು
ಖಾಲಿ ಚೀಲ ಕೊಡವಿ, ಕತ್ತರಿಸಿ, ಹೊಲಿದಿದ್ದಾಳೆ.
ಹೊಲಿಗೆ ನೇರವಾಗಿದೆ. ಅವಸರದ ಕೈಯಲ್ಲ.

ಲೆಕ್ಕ ಹಾಕಿದೆ: ಚೀಲಕ್ಕೆ ನಲವತ್ತೊಂಬತ್ತು ಪೌಂಡು ತಿರುಳು.
ಕೇಣಿಯವರು ಫೋನಿನಲ್ಲಿ ಮೆಲ್ಲಗೆ,
"ನಲವತ್ತಾರು ಬರೀ. ತೇವ ಅನ್ನು. ಮಳೆಗಾಲ, ಯಾರು ಕೇಳುತ್ತಾರೆ?"
ಮೂರು ಪೌಂಡು ಎಂದರೆ ಅವರಿಗೆ ಒಂದು ಲಾರಿ.

ನಲವತ್ತೊಂಬತ್ತು ಎಂದೇ ಬರೆದೆ.
ದೊಡ್ಡತನವೇನಲ್ಲ. ಇನ್ನೊಬ್ಬ ಬಂದು ಮತ್ತೆ ಕತ್ತರಿಸುತ್ತಾನೆ,
ನಲವತ್ತೇಳಕ್ಕೆ ರಾಜಿಯಾಗುತ್ತದೆ.
ನನ್ನ ಅಂಕಿ ಹೆಚ್ಚೆಂದರೆ ದುಬೈ ದಲ್ಲಾಳಿಯ ಮೇಜು ಮುಟ್ಟೀತು,
ಅಲ್ಲಿಂದಾಚೆ ಅದಕ್ಕೆ ದಾರಿಯಿಲ್ಲ.
ಆ ಅಂಗಳದವರು ಅಕ್ಕಿ ಅಳೆಸಿಕೊಂಡು
ಬೇಯಿಸಿ, ಉಂಡು, ಗಡಿಗೆ ತೊಳೆದು ಮಗುಚಿಟ್ಟು
ಮೂರು ತಿಂಗಳಾಗಿದೆ.

"ಊರ ಹೆಸರ ಏನಂದ್ರಿ?"
ಬಿಸ್ಸಾವ್.
"ಬಿಸ್ಸವ್ವ," ಅಂದಳು. ಇನ್ನೊಮ್ಮೆ ಅಂದು ನೋಡಿದಳು.
ಕೈಗೆ ಮತ್ತೆ ಎಣ್ಣೆ ಸವರಿಕೊಂಡು
ಮುಂದಿನ ಚೀಲದ ಗಂಟಿಗೆ ಹಲ್ಲು ಹಚ್ಚಿ ಎಳೆದು,
"ಬಾರವ್ವ ಬಿಸ್ಸವ್ವ."
ಕಟಕ್.