ಕೆಂಪು ಉಲ್ಲನ್ ಎಳಿ

ದೋಟಿಹಾಳದ ಶೇಡ್‌ನೆಟ್ಟಿನೊಳಗ
ಬಿಸಿಲು ಜರಡಿ ಹಿಡಿದಂಗ ಬೀಳತೈತಿ.
ನಾಳಿ ಅರಳೋ ಮೆಣಸಿನ ಮೊಗ್ಗು ಇವತ್ತ ಬಿಡಿಸಿ
ಗಂಡು ಕೇಸರ ಚಿಮಟಿಗೀಲೆ ಕಿತ್ತು
ಒಂದು ಕೆಂಪು ಉಲ್ಲನ್ ಎಳಿ ಕಟ್ಟತೀವಿ.
ಗುರ್ತು: ಮುಂಜಾನಿ ಇದಕ್ಕ ಪರಾಗ ಮುಟ್ಟಿಸಬೇಕು.

"ಹೂವಿನ ಲಗ್ನಕ್ಕ ಐನೋರೂ ನಾವ, ಖಾಜಿನೂ ನಾವ"
ಅಂತಾಳ ಖಾಜಾಬನಿ.
ನಗತೀವಿ. ನಕ್ಕರ ಕೈ ಅಲಗತೈತಿ,
ಮೊಗ್ಗು ಮುರಿದರ ಅರ್ಧ ಹಾಜರಿ.

ಎಣ್ಣಿ ಹೊಡಿಯೋ ಗಂಡಾಳಿಗೆ ಐನೂರು,
ನಮಗ ಮುನ್ನೂರು.
"ನಿಮ್ಮದು ಹಗೂರ ಕೆಲಸ."
ಖರೆ. ಒಂದು ಮೊಗ್ಗಿನ ತೂಕ ಎಷ್ಟು?
ಅದರ ಬೀಜ ಹತ್ತು ಗ್ರಾಮಿನ ಪಾಕೀಟಿನಾಗ ಹೋಗಿ
ಯಾವ ದೇಶದಾಗೋ ಬೇರು ಬಿಡತೈತಿ;
ಪಾಕೀಟಿನ ಮ್ಯಾಲ ಕಂಪನಿ ಹೆಸರು.

ಮೊನ್ನೆ ಬ್ಯಾಂಕಿನಾಗ ನನ್ನ ಹೆಬ್ಬಟ್ಟು ಹತ್ತಲಿಲ್ಲ.
"ಗೆರೀನ ಸವದಾವಲ್ಲ ಬೇ" ಅಂದ ಹುಡುಗ.
ಸೆರಗಿಗೆ ಒರಸಿ ನಾಕು ಸಲ ಒತ್ತಿದೆ.
ಕಡೀಕ ಎಡಗೈ ಕಿರುಬೆರಳು ಇಟ್ಟೆ,
ಕೆಲಸ ಇಲ್ಲದ ಬೆರಳು ಅದೊಂದ.
ಹತ್ತಿತು.

ಪಾಸ್‌ಬುಕ್ ಎಲ್ಲೈತಿ ಅಂತ ಎರಡು ಸಲ ಕೇಳ್ಯಾನ ಗಂಡ.
ಜ್ವಾಳದ ಚೀಲದ ತಳದಾಗ ಐತಿ.
ಅದಕ್ಕೂ ಒಂದು ಕೆಂಪು ಎಳಿ ಕಟ್ಟೀನಿ.