ಹದಿನಾಲ್ಕನೆಯ ಪುಟ

ತಿಂಗಳ ಮೊದಲ ಭಾನುವಾರ ಟಾಡ್‌ಮರ್ಡನ್ನಿನ
ಮುಚ್ಚಿದ ಹತ್ತಿಗಿರಣಿಯ ಹಿಂದೆ ನಾವು ಸೇರುತ್ತೇವೆ:
ಒಂಬತ್ತು ಕಾರು, ಹದಿಮೂರು ಜನ,
ಫ್ಲಾಸ್ಕಿನಲ್ಲಿ ಚಹಾ, ಡಿಕ್ಕಿಯಲ್ಲಿ ಎಳೆಯುವ ಹಗ್ಗ.
ಹಗ್ಗ ತರದವರನ್ನು ನಾವು ನಂಬುವುದಿಲ್ಲ.

ಎನಿಡ್ ಶುರುಮಾಡುತ್ತಾಳೆ, ಯಾವಾಗಲೂ ಅವಳೇ:
ಅರವತ್ತೆಂಟರಲ್ಲಿ ಅವಳ ಮಿನಿಯಲ್ಲಿ ಐದು ದಾದಿಯರು,
ಒಂದು ಟ್ರಾಂಬೋನು, ಬ್ಲ್ಯಾಕ್‌ಪೂಲಿಗೆ ಕುಣಿಯಲು ಹೋದದ್ದು.
ಹೋದ ವರ್ಷ ದಾದಿಯರು ನಾಲ್ಕಿದ್ದರು.
ಯಾರೂ ತಿದ್ದುವುದಿಲ್ಲ.

ಕ್ಲೆಮೆಂಟನ ಮೂರು ಗಾಲಿಯದು ಮಗುಚುತ್ತದೆಂದು ಊರೆಲ್ಲ ನಗುತ್ತದೆ.
ಮಗುಚಿದ್ದು ಒಮ್ಮೆಯೇ,
ಅದೂ ನಿಂತಿದ್ದಾಗ, ಗಾಳಿಗೆ.

ನನ್ನದು ಹಿಲ್‌ಮನ್ ಇಂಪ್, ಚಿಕ್ಕಮ್ಮ ಬಿಟ್ಟುಹೋದದ್ದು.
ಎಂಜಿನ್ನು ಬೆನ್ನಿಗೆ. ಏರಿನಲ್ಲಿ ಕುದಿಯುತ್ತದೆ,
ಇಳಿಜಾರಿನಲ್ಲಿ ತಣ್ಣಗೆ ಸುಳ್ಳು ಹೇಳುತ್ತದೆ.
ಚೋಕ್ ಎಷ್ಟು ಎಳೆಯಬೇಕು ಎಂದರೆ ಅವಳು ಹೇಳುತ್ತಿದ್ದಳು,
ಮಗುವಿನ ಕಿವಿ ಹಿಂಡುವಷ್ಟು,
ಅಳಿಸುವಷ್ಟಲ್ಲ.

ಆಮೇಲೆ ವಿಲ್ಫ್ರೆಡ್ ಬರುತ್ತಾನೆ.
ಅವನಿಗಿಂತ ಮುಂಚೆ ಅವನ ಬಾಗಿಲ ಗಡಗಡ ಬರುತ್ತದೆ.
ಎಪ್ಪತ್ನಾಲ್ಕರಲ್ಲಿ ಜಾಹೀರಾತು ನೋಡಿ ಅಂಚೆಯಲ್ಲಿ ತರಿಸಿದ ಕಾರು:
ನಾಲ್ಕು ಪೆಟ್ಟಿಗೆ, ಫೈಬರ್‌ಗ್ಲಾಸಿನ ಒಡಲು,
ಯಾರದೋ ತುಕ್ಕು ತಿಂದ ಮಿನಿಯ ಎಂಜಿನ್ನು,
ಎರಡು ವಾರಾಂತ್ಯದಲ್ಲಿ ಸಿದ್ಧವೆಂಬ ಮಾತು.
ಹನ್ನೊಂದು ವರ್ಷ ಹಿಡಿಯಿತು.
ರಾಳದ ವಾಸನೆ ಹೆಂಡತಿಯ ಸ್ವೆಟರಿಗೆ, ಬೆಣ್ಣೆಗೆ,
ಹನ್ನೊಂದು ಕ್ರಿಸ್‌ಮಸ್ಸಿಗೂ ಹತ್ತಿತು.
ಕೈಪಿಡಿಯಲ್ಲಿ ಹದಿಮೂರಾದ ಮೇಲೆ ಹದಿನೈದು.
ಕೇಳೋಣವೆಂದರೆ ಕಂಪನಿಯೇ ಮುಳುಗಿತ್ತು.
ನಡುವಿನದನ್ನು ಅಂದಾಜಿನಲ್ಲೇ ಕಟ್ಟಿದ,
ಒಬ್ಬನೇ, ಒಂದು ಜನವರಿ ರಾತ್ರಿ,
ಮೇವಿಸ್ ಬಿಸ್ಕತ್ತು ಕಾರ್ಖಾನೆಯ ಪಾಳಿಗೆ ಹೋಗಿದ್ದಾಗ.

ಹಾಗಾಗಿ ಆ ಎಡಬಾಗಿಲು. ಬೆರಳಗಲದ ಸಂದು.
ಅದರಲ್ಲಿ ಮಳೆ ಬಂತು, ಕಣಜ ಬಂತು,
ಸ್ಕಾಟ್ಲೆಂಡಿನ ದಾರಿಯಲ್ಲಿ ಇಡೀ ನಕಾಶೆ ಹೊರಗೆ ಹೋಯಿತು.
ಹಿಡಿಗೆ ಹಗ್ಗ ಬಿಗಿದು, ತುದಿಯನ್ನು ಕೈಗೆ ಸುತ್ತಿ
ಮೇವಿಸ್ ಮೂವತ್ತು ವರ್ಷ ಪಕ್ಕದಲ್ಲಿ ಕೂತಳು,
ಸಂತೆಗೆ ಹಸು ಹೊಡೆದುಕೊಂಡು ಹೋಗುವವಳ ಹಾಗೆ.
ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ;
ಈ ಕಾರಿಗಂತೂ ಮೂತಿಯೂ ಹೆಗ್ಗಣದ್ದೇ.
ಈಗ ಅವಳಿಲ್ಲ. ಹಗ್ಗವನ್ನು
ಕೈಬ್ರೇಕಿಗೆ ಕಟ್ಟಿಕೊಂಡಿದ್ದಾನೆ.

ಈ ಸಲ ವೇಲ್ಸಿನಿಂದ ಡಿಲಿಸ್ ಎಂಬವಳು ಬಂದಿದ್ದಳು,
ತೀರಿಕೊಂಡ ಅಣ್ಣನ ಶೆಡ್ಡು ಖಾಲಿ ಮಾಡುತ್ತಿದ್ದಾಳಂತೆ.
ಅವನೂ ಅದೇ ಕಾರು ತರಿಸಿದ್ದ.
ಪೆಟ್ಟಿಗೆಯ ಮೊಳೆ ಸಹ ಕಿತ್ತಿರಲಿಲ್ಲ.
ಕೈಪಿಡಿಯಿಂದ ಒಂದು ಹಾಳೆ ಹರಿದು ಕೊಟ್ಟಳು.

ವಿಲ್ಫ್ರೆಡ್ ಕನ್ನಡಕ ಹುಡುಕಿದ. ಅದು ಹಣೆಯ ಮೇಲಿತ್ತು.
ನಾವು ಚಹಾ ಕುಡಿಯುವುದನ್ನು ಮರೆತೆವು.
ಒಂದು ಚಿತ್ರ, ಒಂದು ಬಾಣ, ಕೆಳಗೆ ಒಂದೇ ಸಾಲು:
ಕೀಲು ಬಿಗಿಯುವಾಗ ಬಾಗಿಲನ್ನು ಒಳಗಿನಿಂದ
ಇನ್ನೊಬ್ಬರು ಹಿಡಿದುಕೊಂಡಿರಬೇಕು.

‘ಹಿಡಿದಿದ್ದಳಲ್ಲ,’ ಅಂದ.

ಹಾಳೆಯನ್ನು ನಾಲ್ಕಾಗಿ ಮಡಿಸಿ
ಆ ಸಂದಿಗೇ ತುರುಕಿ ಹೊರಟ. ಗಡಗಡ ನಿಂತಿತು,
ಗಿರಣಿಯ ತಿರುವಿನವರೆಗೆ.
ಅಲ್ಲಿ ಬಿಳಿಯದೇನೋ ಹಾರಿ ಕಾಲುವೆಗೆ ಬಿತ್ತು.
ಡಿಲಿಸ್ ಓಡಿದಳು. ಕ್ಲೆಮೆಂಟ್ ಟೋಪಿ ತೆಗೆದ.
ಎನಿಡ್ ಆಗಲೇ ಎಣಿಸತೊಡಗಿದ್ದಳು,
ಹಾರಿದ್ದು ಎರಡು ಪುಟವೋ
ಮೂರೋ ಎಂದು.